ನಡೆಯದ ನಾಣ್ಯ

ಕೊಟ್ಟೂರಿನ ಬಸ್ ನಿಲ್ದಾಣದ ಬಳಿ, ಮಂಡಕ್ಕಿ ಮಿರ್ಚಿ ಮಾರುವ ಒಂದು ಅಂಗಡಿಯ ಮುಂದೆ ನಾನು ಕಂಡ ಸಣ್ಣ ಪ್ರಸಂಗವೊಂದರಿಂದ ಈ ಲೇಖನವನ್ನು ಆರಂಭಿಸುತ್ತೇನೆ. ವಯಸ್ಸಾದ ಹೆಂಗಸೊಬ್ಬಳು ಮೊಮ್ಮಗನಿಗೆ ತಿಂಡಿ ಕೊಡಿಸಿ, ಸೆರಗಿನ ಗಂಟನ್ನು ಬಿಚ್ಚಿ, ಹತ್ತು ರೂಪಾಯಿಯ ಮೂರು ನಾಣ್ಯಗಳನ್ನು ಮುಂದಿಟ್ಟಳು. ಅಂಗಡಿಯವನು ಅವನ್ನು ಮುಟ್ಟಲಿಲ್ಲ.

“ಇವು ನಡಿಯಂಗಿಲ್ಲ ಯವ್ವಾ, ನೋಟಿದ್ರೆ ಕೊಡು.”

“ಯಾಕಪ್ಪಾ, ಇದು ಸರ್ಕಾರದ ರೊಕ್ಕ ಅಲ್ಲೇನು?”

“ಸರ್ಕಾರದ್ದೇ. ಆದ್ರೆ ನಾನು ತಗಂಡ್ರೆ ನನ್ನ ಕೈಯಾಗಿಂದ ಯಾರು ತಗಂತಾರ?”

ಮುದುಕಿಯ ಬಳಿ ನೋಟು ಇರಲಿಲ್ಲ. ನನ್ನಲ್ಲಿದ್ದ ನೋಟುಗಳನ್ನು ಅವಳಿಗೆ ಕೊಟ್ಟು ಆ ಮೂರು ನಾಣ್ಯಗಳನ್ನು ನಾನು ತೆಗೆದುಕೊಂಡೆನು. ಮೊಮ್ಮಗನ ಕೈ ಹಿಡಿದುಕೊಂಡು ಅವಳು ಬಸ್ಸಿನ ಕಡೆ ನಡೆದಳು. ಅಲ್ಲಿಗೆ ಪ್ರಸಂಗ ಮುಗಿಯಿತು. ಆದರೆ ಅವರಿಬ್ಬರ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಏಕೆಂದರೆ ಅಲ್ಲಿ ಯಾರೂ ಸುಳ್ಳಾಡಿರಲಿಲ್ಲ. ನಾಣ್ಯವು ಸರ್ಕಾರದ್ದೇ ಎಂಬ ಮುದುಕಿಯ ಮಾತು ನಿಜ. ಮುಂದಿನವನು ತೆಗೆದುಕೊಳ್ಳುವುದಿಲ್ಲವೆಂಬ ಅಂಗಡಿಯವನ ಭಯವೂ ನಿಜ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೀಗೆ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಓಡಾಡುವಾಗ ಹತ್ತು ರೂಪಾಯಿಯ ನಾಣ್ಯಕ್ಕೆ ಇಂತಹ ಉತ್ತರ ದೊರೆಯುವುದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕರ್ನಾಟಕದ ಇತರ ಅನೇಕ ಕಡೆಗಳಲ್ಲಿಯೂ ಈ ಹಿಂಜರಿಕೆ ಕಂಡುಬಂದಿದೆ. ಇಬ್ಬರ ಮಾತೂ ನಿಜವಾಗಿದ್ದು, ವ್ಯವಹಾರ ಮಾತ್ರ ನಿಂತುಹೋಗುವುದಾದರೆ ದೋಷವಿರುವುದು ಎಲ್ಲಿ? ಇದು ಅಂಗಡಿಯ ಜಗುಲಿಯಲ್ಲಿ ಹುಟ್ಟಿದ ಪ್ರಶ್ನೆಯಾದರೂ, ವಿಜ್ಞಾನದ ವಿದ್ಯಾರ್ಥಿಗಳು ಕುಳಿತು ಯೋಚಿಸಬೇಕಾದ ಪ್ರಶ್ನೆಯಾಗಿದೆ.

ಮೊದಲು ಕಾನೂನಿನ ಮಾತನ್ನು ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ನಾಣ್ಯಗಳನ್ನು ಮಾಡಿಸುವುದು ಭಾರತ ಸರ್ಕಾರ. ಅವನ್ನು ಜನರಿಗೆ ತಲುಪಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಒಂದು ಸಾವಿರ ರೂಪಾಯಿಯವರೆಗಿನ ಪಾವತಿಗೆ ಶಾಸನಸಮ್ಮತವಾಗಿವೆ. ಎಂಟಾಣೆ, ಎಂದರೆ 50 ಪೈಸೆಯ ನಾಣ್ಯವು ಹತ್ತು ರೂಪಾಯಿಯವರೆಗೆ ಸಲ್ಲುತ್ತದೆ. ಅಂದಮೇಲೆ ಹತ್ತು ರೂಪಾಯಿಯ ನೂರಕ್ಕಿಂತ ಹೆಚ್ಚು ನಾಣ್ಯಗಳನ್ನು ಒಮ್ಮೆಗೇ ಸುರಿದರೆ ಬೇಡವೆನ್ನಲು ಅಂಗಡಿಯವನಿಗೆ ಆಧಾರವುಂಟು. ಮೂರು ನಾಣ್ಯಗಳನ್ನು ಬೇಡವೆನ್ನಲು ಇಲ್ಲ. ರಿಸರ್ವ್ ಬ್ಯಾಂಕು 2016ರ ನವೆಂಬರಿನಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಮತ್ತೊಮ್ಮೆ, ಹತ್ತು ರೂಪಾಯಿಯ ಎಲ್ಲ ನಾಣ್ಯಗಳೂ ಸಲ್ಲುತ್ತವೆ ಎಂದು ಸ್ಪಷ್ಟವಾಗಿ ಸಾರಿತು. ಬ್ಯಾಂಕುಗಳು ಅವನ್ನು ನಿರಾಕರಿಸಬಾರದೆಂದೂ ಸೂಚಿಸಿತು. ಇಷ್ಟಾದರೂ ಸಂದೇಹ ಏಕೆ ಅಳಿಯಲಿಲ್ಲ?

ಸಂದೇಹ ಹುಟ್ಟಿದ ಬಗೆಯನ್ನು ನೋಡಿದರೆ ಇದಕ್ಕೆ ಉತ್ತರದ ಅರ್ಧ ಭಾಗ ಸಿಕ್ಕುತ್ತದೆ. ಎರಡು ಲೋಹಗಳ ಈ ನಾಣ್ಯ, ಹೊರಗೆ ಹಳದಿಯ ಬಳೆ, ಒಳಗೆ ಬಿಳಿಯ ಬಿಲ್ಲೆ, ಜನರ ಕೈಗೆ ಬಂದುದು 2009ರಲ್ಲಿ. 2010ರ ಜುಲೈ ತಿಂಗಳಿನಲ್ಲಿ ರೂಪಾಯಿಗೆ ಹೊಸ ಚಿಹ್ನೆಯೊಂದನ್ನು ಸರ್ಕಾರ ಅಂಗೀಕರಿಸಿತು. 2011ರಿಂದ ಅದು ನಾಣ್ಯಗಳ ಮೇಲೆ ಮೂಡತೊಡಗಿತು. ಹೀಗಾಗಿ ಚಿಹ್ನೆಯುಳ್ಳ ನಾಣ್ಯ, ಚಿಹ್ನೆಯಿಲ್ಲದ ನಾಣ್ಯ, ಹತ್ತು ಕಿರಣಗಳ ಗುರುತಿನ ನಾಣ್ಯ, ಹದಿನೈದು ಕಿರಣಗಳ ಗುರುತಿನ ನಾಣ್ಯ, ಅವುಗಳ ಜೊತೆಗೆ ಮಹನೀಯರ ಮತ್ತು ಸಂಸ್ಥೆಗಳ ಸ್ಮರಣೆಗಾಗಿ ಬಂದ ನಾಣ್ಯಗಳು ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಸೇರಿದವು. 2018ರ ವೇಳೆಗೆ ಹತ್ತು ರೂಪಾಯಿಯ ನಾಣ್ಯಕ್ಕೆ 14 ವಿನ್ಯಾಸಗಳಿದ್ದವೆಂದು ರಿಸರ್ವ್ ಬ್ಯಾಂಕೇ ತಿಳಿಸಿತು. ಎರಡು ನಾಣ್ಯಗಳು ಒಂದರಂತೆ ಒಂದಿಲ್ಲದಿದ್ದರೆ ಯಾವುದೋ ಒಂದು ನಕಲಿಯಿರಬೇಕು ಎಂಬ ಊಹೆ ಸಾಮಾನ್ಯನಿಗೆ ಸಹಜವಾದುದೇ. ಅದೇ ಕಾಲದಲ್ಲಿ ದೆಹಲಿಯಲ್ಲಿ ನಕಲಿ ನಾಣ್ಯ ತಯಾರಿಸುತ್ತಿದ್ದವರು ಪೊಲೀಸರಿಗೆ ಸಿಕ್ಕಿಬಿದ್ದ ಸುದ್ದಿಯೂ ಬಂದಿತು. ಊಹೆಗೆ ಸುದ್ದಿ ಸೇರಿ, ಸುದ್ದಿಗೆ ಫೋನಿನಲ್ಲಿ ಹರಿದಾಡುವ ಗಾಳಿಮಾತು ಸೇರಿ, ‘ಹತ್ತರ ಬಿಲ್ಲೆ ಬಂದಾಗಿದೆ’ ಎಂಬ ಮಾತು ಹಬ್ಬಿತು.

ಆದರೆ ಗಾಳಿಮಾತು ಎಂದಾದರೂ ನಿಲ್ಲಬೇಕಲ್ಲವೆ? ಅದು ನಿಂತ ಮೇಲೆಯೂ ನಾಣ್ಯ ಏಕೆ ನಡೆಯಲಿಲ್ಲ? ಉತ್ತರದ ಉಳಿದರ್ಧ ಇಲ್ಲಿದೆ. ಇದಕ್ಕಾಗಿ ಸ್ವಲ್ಪ ಲೆಕ್ಕ ಮಾಡಬೇಕು.

ಒಂದು ನಾಣ್ಯವನ್ನು ಪಡೆದ ಹತ್ತು ಜನರಲ್ಲಿ ಒಂಬತ್ತು ಜನ ಅದನ್ನು ಮುಂದೆ ದಾಟಿಸುತ್ತಾರೆ, ಒಬ್ಬನು ಮಾತ್ರ ಡಬ್ಬಿಗೆ ಹಾಕಿ ಮರೆಯುತ್ತಾನೆ ಎಂದುಕೊಳ್ಳೋಣ. ಆ ನಾಣ್ಯ ಸರಾಸರಿ ಎಷ್ಟು ಕೈಗಳನ್ನು ಮುಟ್ಟೀತು? ಮೊದಲ ಕೈಯನ್ನು ಅದು ಖಂಡಿತವಾಗಿ ಮುಟ್ಟುತ್ತದೆ. ಎರಡನೆಯದನ್ನು ಮುಟ್ಟುವ ಸಂಭವ 0.9, ಮೂರನೆಯದನ್ನು ಮುಟ್ಟುವ ಸಂಭವ 0.81. ಹೀಗೆ 1 + 0.9 + 0.81 + ... ಎಂದು ಕೂಡುತ್ತ ಹೋದರೆ ಮೊತ್ತ 10 ಆಗುತ್ತದೆ. ನೂರರಲ್ಲಿ ಒಬ್ಬನೇ ತಡೆಯುವುದಾದರೆ ಅದು ನೂರು ಕೈಗಳನ್ನು ಮುಟ್ಟುವುದು. ಇಬ್ಬರಲ್ಲಿ ಒಬ್ಬನು ತಡೆದರೆ ಎರಡೇ ಕೈಗಳಿಗೆ ಅದರ ಪ್ರಯಾಣ ಮುಗಿಯುವುದು. ಲೆಕ್ಕದ ಸೂತ್ರ ಸರಳ: ತಡೆಯುವವರ ಪಾಲಿನಿಂದ ಒಂದನ್ನು ಭಾಗಿಸಬೇಕು, ಅಷ್ಟೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಡೆಯುವವರ ಪಾಲು ಎಂಬುದು ಕಲ್ಲಿನಂತೆ ಸ್ಥಿರವಾದುದಲ್ಲ. ಒಬ್ಬ ಅಂಗಡಿಯವನು ಬೇಡವೆಂದರೆ ಅದನ್ನು ನೋಡಿದ ನಾಲ್ವರು ಮರುದಿನ ತಾವೂ ಬೇಡವೆನ್ನುತ್ತಾರೆ. ಪಾಲು ಏರುತ್ತದೆ, ನಾಣ್ಯ ಇನ್ನಷ್ಟು ಅಪರೂಪವಾಗುತ್ತದೆ, ಅಪರೂಪವಾದುದನ್ನು ಕಂಡು ಜನ ಇನ್ನಷ್ಟು ಅನುಮಾನಿಸುತ್ತಾರೆ. ಭಯವು ತನ್ನ ಸಾಕ್ಷ್ಯವನ್ನು ತಾನೇ ಹುಟ್ಟಿಸಿಕೊಳ್ಳುವ ಈ ಚಕ್ರ ಒಮ್ಮೆ ತಿರುಗತೊಡಗಿದ ಮೇಲೆ ಅದನ್ನು ತಿರುಗಿಸಲು ಗಾಳಿಮಾತಿನ ಅಗತ್ಯವೂ ಇಲ್ಲ. ನಮ್ಮ ಅಂಗಡಿಯವನು ನಾಣ್ಯ ನಕಲಿಯೆಂದು ಹೇಳಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಅವನಿಗೆ ನಾಣ್ಯದ ಮೇಲೆ ಅಪನಂಬಿಕೆಯಿರಲಿಲ್ಲ. ಮುಂದಿನ ಮನುಷ್ಯನ ಮೇಲೆ ಇತ್ತು. ಚಲಾವಣೆ ಎಂಬ ಮಾತಿನಲ್ಲಿಯೇ ಚಲನೆ ಅಡಗಿದೆ. ಬೆಲೆಯನ್ನು ನಾಣ್ಯದ ಮೇಲೆ ಒತ್ತಲು ಟಂಕಸಾಲೆಗೆ ಸಾಧ್ಯ. ಚಲನೆಯನ್ನು ಕೊಡಲು ಜನರಿಗೆ ಮಾತ್ರ ಸಾಧ್ಯ.

ಇದು ಹತ್ತರ ಬಿಲ್ಲೆಗೆ ಮಾತ್ರ ಬಂದ ಕಷ್ಟವೆಂದು ಭಾವಿಸಬಾರದು. ನಾಣ್ಯಗಳು ನಡೆಯದೆ ನಿಂತ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಬೇಕಾದಷ್ಟಿವೆ. ಪ್ರತಿಯೊಂದಕ್ಕೂ ಕಾರಣ ಮಾತ್ರ ಬೇರೆ ಬೇರೆ.

ಮೊದಲನೆಯದು, ಲೋಹದ ಬೆಲೆ ಮುಖಬೆಲೆಯನ್ನು ಮೀರಿದಾಗ. ಹಳೆಯ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಲಾಯಿತು. ಎರಡು ರೂಪಾಯಿಗಳಿಗೂ ಸಂತೆಯಲ್ಲಿ ಒಂದೇ ಬೆಲೆ. ಆದರೆ ಒಂದರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ, ಇನ್ನೊಂದರಲ್ಲಿ 5.8 ಗ್ರಾಂ. ಬುದ್ಧಿಯಿದ್ದವನು ಯಾವುದನ್ನು ಖರ್ಚು ಮಾಡಿ ಯಾವುದನ್ನು ಉಳಿಸಿಕೊಂಡಾನು? ಹೊಸದು ಕೈಯಿಂದ ಕೈಗೆ ಓಡಿತು, ಹಳೆಯದು ಪೆಟ್ಟಿಗೆಯ ತಳ ಸೇರಿತು. ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆ ಎಂಬ ಈ ನಿಯಮಕ್ಕೆ ಇಂಗ್ಲೆಂಡಿನ ಗ್ರೆಷಾಮನ ಹೆಸರಿದೆ. ನಮ್ಮ ಕಾಲದಲ್ಲಿಯೂ, ಭಾರತದ ಚಿಲ್ಲರೆ ನಾಣ್ಯಗಳನ್ನು ಗಡಿಯಾಚೆ ಸಾಗಿಸಿ ಕ್ಷೌರದ ಅಲಗುಗಳನ್ನಾಗಿ ಮಾಡುತ್ತಿರುವರೆಂದು 2007ರಲ್ಲಿ ವರದಿಗಳು ಬಂದಿದ್ದವು.

ಎರಡನೆಯದು, ಬೆಲೆಯೇ ಸವೆದುಹೋದಾಗ. ‘ನಾಲ್ಕಾಣೆ’ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನು ಸರ್ಕಾರ 2011ರ ಜೂನ್ 30ರಿಂದ ಹಿಂತೆಗೆದುಕೊಂಡಿತು. ಆದರೆ ಸಂತೆಯು ಅವನ್ನು ಅದಕ್ಕೂ ಎಷ್ಟೋ ಮೊದಲೇ ಹಿಂತೆಗೆದುಕೊಂಡಿತ್ತು. 50 ಪೈಸೆಯ ನಾಣ್ಯವಂತೂ ಕಾನೂನಿನಲ್ಲಿ ಇಂದಿಗೂ ಬದುಕಿದೆ, ಅಂಗಡಿಯಲ್ಲಿ ಸತ್ತಿದೆ. ಅದಕ್ಕೆ ಕೊಳ್ಳಬಹುದಾದ ವಸ್ತುವೇ ಉಳಿಯಲಿಲ್ಲ.

ಮೂರನೆಯದು ಬಹಳ ಸ್ವಾರಸ್ಯವಾದುದು: ನಾಣ್ಯದ ಬೆಲೆ ಜನರ ಲೆಕ್ಕದ ಅಭ್ಯಾಸಕ್ಕೆ ಹೊಂದದಿದ್ದಾಗ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ದಶಮಾಂಶ ಪದ್ಧತಿ ಬಂದು, ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾಯಿತು. 1964ರಲ್ಲಿ ಆರು ಮೂಲೆಯ ಅಲ್ಯೂಮಿನಿಯಮ್ಮಿನ 3 ಪೈಸೆ, 1968ರಲ್ಲಿ ಹಿತ್ತಾಳೆಯ ಬಣ್ಣದ 20 ಪೈಸೆ ಬಂದವು. ಈ 3 ಪೈಸೆಯಿಂದ ಎಷ್ಟು ಲಾಭವಾಯಿತು ಎಂದು ಲೆಕ್ಕ ಹಾಕಿ ನೋಡೋಣ. 1, 2, 5 ಪೈಸೆಗಳು ಮಾತ್ರ ಇದ್ದರೆ 1ರಿಂದ 9ರವರೆಗಿನ ಒಂಬತ್ತು ಮೊತ್ತಗಳನ್ನು ಒಂದೊಂದು ಸಲ ಕೊಡಲು ಒಟ್ಟು 17 ನಾಣ್ಯಗಳು ಸಾಕು. 3 ಪೈಸೆಯನ್ನೂ ಸೇರಿಸಿಕೊಂಡರೆ 15 ಸಾಕು. ಒಂಬತ್ತು ವ್ಯವಹಾರಗಳಲ್ಲಿ ಉಳಿತಾಯವಾದುದು ಎರಡೇ ನಾಣ್ಯ! ಆದರೆ 2 ಪೈಸೆಯನ್ನು ತೆಗೆದು 1 ಮತ್ತು 5ನ್ನು ಮಾತ್ರ ಇಟ್ಟರೆ 25 ನಾಣ್ಯಗಳು ಬೇಕಾಗುತ್ತವೆ. ಅಂದಮೇಲೆ 2 ಅವಶ್ಯಕ, 3 ಅಲಂಕಾರ. ಎಳೆಯ ಓದುಗರು ಕಾಗದ ಹಿಡಿದು ಇದನ್ನು ತಾವೇ ಮಾಡಿ ನೋಡಬಹುದು. 20 ಪೈಸೆಯ ಕಷ್ಟವೂ ಇಂಥದೇ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಎಂದು ರೂಪಾಯಿಯನ್ನು ಕಾಲುಕಾಲಾಗಿ ಎಣಿಸುವುದು ನಮ್ಮ ನಾಲಿಗೆಗೆ ಅಂಟಿದ ಲೆಕ್ಕ. ಅದರಲ್ಲಿ 25ಕ್ಕೆ ಜಾಗವಿತ್ತು, 20ಕ್ಕೆ ಇರಲಿಲ್ಲ. ಅಮೆರಿಕದಲ್ಲಿಯೂ 1875ರಲ್ಲಿ ಬಂದ 20 ಸೆಂಟಿನ ನಾಣ್ಯ, ಜನರು ಅದನ್ನು 25 ಸೆಂಟಿನದೆಂದು ಭ್ರಮಿಸುತ್ತಿದ್ದುದರಿಂದ, ಮೂರು ವರ್ಷಗಳಲ್ಲಿಯೇ ಕಣ್ಮರೆಯಾಯಿತು.

ನಾಲ್ಕನೆಯದು, ಒಂದೇ ಬೆಲೆಯ ನೋಟೂ ನಾಣ್ಯವೂ ಒಟ್ಟಿಗಿದ್ದಾಗ. ನೋಟು ಹಗುರ, ಮಡಿಚಿ ಇಡಬಹುದು, ಹಳೆಯ ಪರಿಚಯದ್ದು. ಹತ್ತರ ನಾಣ್ಯವೊಂದು ಸುಮಾರು 7.7 ಗ್ರಾಂ ತೂಗುತ್ತದೆ. ಎರಡೂ ಎದುರಿಗಿದ್ದರೆ ಜನ ನೋಟನ್ನೇ ಆರಿಸುತ್ತಾರೆ. ಅಮೆರಿಕದ ಸರ್ಕಾರ 1979ರಿಂದ ಒಂದು ಡಾಲರಿನ ನಾಣ್ಯವನ್ನು ಬಳಕೆಗೆ ತರಲು ಹಲವು ಸಲ ಯತ್ನಿಸಿತು. ನೋಟನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಸುಮಾರು 140 ಕೋಟಿ ಡಾಲರ್ ನಾಣ್ಯಗಳು ಕೇಳುವವರಿಲ್ಲದೆ ಖಜಾನೆಗಳಲ್ಲಿ ರಾಶಿ ಬೀಳಲು, 2011ರ ಡಿಸೆಂಬರಿನಲ್ಲಿ ಚಲಾವಣೆಗಾಗಿ ಅವನ್ನು ಮಾಡಿಸುವುದನ್ನೇ ನಿಲ್ಲಿಸಬೇಕಾಯಿತು. ನೆರೆಯ ಕೆನಡಾ ದೇಶ 1987ರಲ್ಲಿ ಡಾಲರ್ ನಾಣ್ಯವನ್ನು ತಂದು 1989ರಲ್ಲಿ ಆ ಬೆಲೆಯ ನೋಟನ್ನು ನಿಲ್ಲಿಸಿತು, ನಾಣ್ಯ ನಡೆಯಿತು. ನಮ್ಮ ಹತ್ತು ರೂಪಾಯಿಗೆ ನಾವು ಅನುಸರಿಸಿದುದು ಅಮೆರಿಕದ ದಾರಿಯನ್ನು.

ಇವೆಲ್ಲವನ್ನೂ ನೋಡಿದ ಮೇಲೆ ನಮ್ಮ ನೆಲದ ಒಂದು ಹಳೆಯ ಸಾಕ್ಷ್ಯವನ್ನು ಮುಂದಿಡುತ್ತೇನೆ. ಈ ಐದು ತಾಲ್ಲೂಕುಗಳಿಗೆ ಹಂಪೆ ದೂರವಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಎಂದರೆ ಒಂದು ವರಹಕ್ಕೆ 20 ಹಣ, 120 ತಾರ, 360 ಜಿತಲ್. ಚಿನ್ನದ ಈ ಮೂರರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಣವೇ ಎಂದೂ ಆತನು ಗುರುತಿಸಿದನು. ದೊಡ್ಡ ನಾಣ್ಯಕ್ಕೆ ಗೌರವ, ಸಣ್ಣ ನಾಣ್ಯಕ್ಕೆ ಕೆಲಸ! ಇದಕ್ಕೆ ಬೇರೆ ಪ್ರಮಾಣ ಬೇಕಿಲ್ಲ, ನಮ್ಮ ಭಾಷೆಯೇ ಸಾಕು. ಸಂಪತ್ತಿಗೆ ಇಂದು ನಾವು ಬಳಸುವ ಹಣ, ದುಡ್ಡು, ಕಾಸು ಎಂಬ ಮಾತುಗಳೆಲ್ಲ ಒಂದು ಕಾಲದಲ್ಲಿ ಸಣ್ಣ ನಾಣ್ಯಗಳ ಹೆಸರುಗಳು. ‘ನನ್ನ ಬಳಿ ವರಹವಿಲ್ಲ’ ಎಂದು ಇಂದು ಯಾರೂ ಹೇಳುವುದಿಲ್ಲ. ಯಾವ ನಾಣ್ಯ ಹೆಚ್ಚು ಕೈಗಳಲ್ಲಿ ಓಡಾಡಿತೋ ಅದರ ಹೆಸರನ್ನೇ ಜನರು ಹಣಕ್ಕೆಲ್ಲ ಇಟ್ಟರು.

ಇನ್ನು ಸಂಗ್ರಹದ ಮಾತಿಗೆ ಬರೋಣ. ನಾಣ್ಯ ಕೈಯಲ್ಲಿ ಓಡಾಡದಿದ್ದರೆ ಅದು ಅಪರೂಪದ್ದು, ಅಪರೂಪದ್ದಾದರೆ ಬೆಲೆಬಾಳುವುದು, ಬೆಲೆಬಾಳುವುದಾದರೆ ಕೂಡಿಡಬೇಕು ಎಂಬ ತರ್ಕಸರಣಿಯೊಂದು ಹಳ್ಳಿಪಟ್ಟಣಗಳಲ್ಲಿ ಬೇರೂರಿದೆ. ಈ ಸರಪಣಿಯ ಮೊದಲ ಕೊಂಡಿಯೇ ಮುರುಕು. ನಡೆಯದ ನಾಣ್ಯ ಬೇರೆ, ವಿರಳವಾದ ನಾಣ್ಯ ಬೇರೆ. ನಮ್ಮ ಕಣ್ಣಿಗೆ ಬೀಳದ ಹತ್ತರ ಬಿಲ್ಲೆಗಳು ಲೋಕದಲ್ಲಿ ಇಲ್ಲವೆಂದಲ್ಲ. ಡಬ್ಬಿಗಳಲ್ಲಿ, ಹುಂಡಿಗಳಲ್ಲಿ, ಬ್ಯಾಂಕಿನ ಚೀಲಗಳಲ್ಲಿ ಕೋಟಿಗಟ್ಟಲೆ ಇವೆ. ಎಲ್ಲರೂ ಕೂಡಿಟ್ಟ ವಸ್ತು ಎಂದಿಗೂ ವಿರಳವಾಗಲಾರದು.

ಹೋಲಿಕೆಗೆ ನಿಜವಾದ ವಿರಳ ನಾಣ್ಯವನ್ನು ನೋಡಿ. 1938ರ ಬೆಳ್ಳಿ ರೂಪಾಯಿ ಸುಲಭವಾಗಿ ಸಿಕ್ಕುತ್ತದೆ; 1939ನೆಯ ಇಸವಿಯುಳ್ಳ ರೂಪಾಯಿ ಸಂಗ್ರಾಹಕರಲ್ಲಿ ಹೆಸರುವಾಸಿಯಾದ ವಿರಳ ನಾಣ್ಯ, ಏಕೆಂದರೆ ಜನರ ಕೈಗೆ ಬಂದುದೇ ಕೆಲವು. ಹತ್ತು ರೂಪಾಯಿಯಲ್ಲಿಯೂ ಇಂತಹ ಭೇದವುಂಟು. ಗಾಂಧೀಜಿಯವರ ಜನ್ಮಶತಾಬ್ದಿಗಾಗಿ 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯ 15 ಗ್ರಾಂ ತೂಗುತ್ತದೆ. ಅದರಲ್ಲಿ 12 ಗ್ರಾಂ ಬೆಳ್ಳಿಯಿದೆ. ಆ ಬೆಳ್ಳಿಯ ಬೆಲೆಯೇ ಇಂದು ಹತ್ತು ರೂಪಾಯಿಯ ಎಷ್ಟೋ ಪಾಲು ಆಗುತ್ತದೆ. ಅದನ್ನು ಇಟ್ಟುಕೊಂಡವನು ಜಾಣ; ಎರಡು ಲೋಹದ ಇಂದಿನ ಬಿಲ್ಲೆಯನ್ನು ಐಶ್ವರ್ಯವೆಂದು ಹೂತಿಟ್ಟವನು ಹಾಗಲ್ಲ. ಇನ್ನು, ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿಗೆ 2010ನೆಯ ಇಸವಿಯಲ್ಲಿ ಮಾಡಿಸಿದ ಸಾವಿರ ರೂಪಾಯಿಯ ನಾಣ್ಯ, ಹೊಸ ಸಂಸತ್ ಭವನದ ಉದ್ಘಾಟನೆಗಾಗಿ 2023ರಲ್ಲಿ ಬಂದ 75 ರೂಪಾಯಿಯ ನಾಣ್ಯ, ಇಂಥವು ಸಂತೆಗಾಗಿ ಹುಟ್ಟಿದವೇ ಅಲ್ಲ. ಟಂಕಸಾಲೆಯು ಅವನ್ನು ಸಂಗ್ರಾಹಕರಿಗೆಂದೇ ಮಾರುತ್ತದೆ.

ಈ ಭೇದವನ್ನು ಅರಿಯದಿರುವುದರಿಂದ ಆಗುವ ಹಾನಿ ಸಣ್ಣದಲ್ಲ. ವೈಷ್ಣೋದೇವಿಯ ಚಿತ್ರವುಳ್ಳ 2012ರ ಐದು ಅಥವಾ ಹತ್ತು ರೂಪಾಯಿಯ ನಾಣ್ಯವಿದ್ದರೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಜಾಹೀರಾತುಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ನಂಬಿ ಉತ್ತರ ಬರೆದವನಿಂದ ಮೊದಲು ನೋಂದಣಿಯ ಶುಲ್ಕ, ಆಮೇಲೆ ತೆರಿಗೆ, ಅದರ ಮೇಲೆ ದಲ್ಲಾಳಿ ಎಂದು ಹಣ ಕೀಳುತ್ತಾರೆ. ಲಕ್ಷ ಮಾತ್ರ ಬರುವುದಿಲ್ಲ. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಹೀಗೆ ವಂಚಿಸುತ್ತಿರುವರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಒಂದೇ ನಾಣ್ಯವನ್ನು ಅಂಗಡಿಯಲ್ಲಿ ಹತ್ತು ರೂಪಾಯಿಗೂ ಬೇಡವೆನ್ನುತ್ತೇವೆ, ಮನೆಯಲ್ಲಿ ಹತ್ತು ಲಕ್ಷ ಬಂದೀತೆಂದು ಮುಚ್ಚಿಡುತ್ತೇವೆ! ಇವೆರಡೂ ಅಜ್ಞಾನದ ಒಂದೇ ನಾಣ್ಯದ ಎರಡು ಮುಖಗಳು.

ಹಾಗಾದರೆ ಒಂದು ಊರಿನಲ್ಲಿ ಒಂದು ನಾಣ್ಯ ನಡೆಯದಿದ್ದರೆ ನಷ್ಟವೇನು, ನೋಟಿದೆಯಲ್ಲ, ಫೋನಿನಲ್ಲಿ ಪಾವತಿ ಮಾಡುವ ಅನುಕೂಲವಿದೆಯಲ್ಲ, ಎಂದು ಯಾರಾದರೂ ಕೇಳಬಹುದು. ಅನುಕೂಲವಿರುವವರಿಗೆ ನಷ್ಟವಿಲ್ಲ ಎಂಬುದೇ ನನ್ನ ಆಕ್ಷೇಪ. ಫೋನುಳ್ಳವನು ನಾಣ್ಯದ ಜಗಳದಿಂದ ಪಾರಾಗಿಬಿಟ್ಟಿದ್ದಾನೆ. ಉಳಿದವರು ಹಡಗಲಿಯಲ್ಲಿ ಮಲ್ಲಿಗೆಯ ಮೊಳ ಅಳೆದು ಮಾರುವವಳು, ಹಗರಿಬೊಮ್ಮನಹಳ್ಳಿಯ ಸಂತೆಗೆ ಸೊಪ್ಪಿನ ಹೊರೆ ತರುವವಳು, ಹರಪನಹಳ್ಳಿಯಲ್ಲಿ ದಿನಗೂಲಿ ಪಡೆಯುವವನು. ಜಾತ್ರೆಯ ಗದ್ದಲದಲ್ಲಿ, ಕತ್ತಲಾದ ಮೇಲಿನ ವ್ಯಾಪಾರದಲ್ಲಿ, ಯಾರೋ ಅವರ ಕೈಗೆ ನಾಣ್ಯವನ್ನು ದಾಟಿಸಿಬಿಡುತ್ತಾರೆ. ಅವರಿಂದ ದಾಟಿಸಿಕೊಳ್ಳುವವರು ಯಾರೂ ಇಲ್ಲ. ಬ್ಯಾಂಕಿಗೆ ಹೋಗಿ ಬದಲಾಯಿಸಲಿ ಎನ್ನುವುದು ಸುಲಭ. ಐದು ನಾಣ್ಯಗಳ ಐವತ್ತು ರೂಪಾಯಿಗಾಗಿ ಅರ್ಧ ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಳ್ಳುವವರು ಯಾರು? ಚಕ್ರದಲ್ಲಿ ಕೊನೆಯವರಾಗಿ ನಿಂತವರು ಯಾವಾಗಲೂ ಬಡವರೇ. ನಡೆಯದ ನಾಣ್ಯವೆಂಬುದು ಬಡವರ ಮೇಲೆ ಯಾರೂ ವಿಧಿಸದ, ಎಲ್ಲರೂ ವಸೂಲು ಮಾಡುವ ತೆರಿಗೆಯಾಗಿದೆ.

ಪರಿಹಾರವೇನು? ಸರ್ಕಾರ ಮಾಡಬೇಕಾದುದು ಎರಡು. ಬಳಕೆಯ ನಾಣ್ಯದ ರೂಪವನ್ನು ಪದೇ ಪದೇ ಬದಲಿಸಬಾರದು; ಸ್ಮರಣೆಗೆ ಬೇರೆ ನಾಣ್ಯಗಳಿರಲಿ, ಸಂತೆಯ ನಾಣ್ಯಕ್ಕೆ ಒಂದೇ ಮುಖವಿರಲಿ. ಎರಡನೆಯದಾಗಿ, ಒಂದು ಬೆಲೆಗೆ ನಾಣ್ಯವನ್ನು ತಂದಮೇಲೆ ಆ ಬೆಲೆಯ ನೋಟು ಎಂದಿಗೆ ನಿಲ್ಲುವುದೆಂಬುದನ್ನೂ ಹೇಳಬೇಕು. 2020ರಲ್ಲಿ ಹನ್ನೆರಡು ಮೂಲೆಯ 20 ರೂಪಾಯಿಯ ನಾಣ್ಯವೂ ಬಂದಿದೆ; ನೋಟು ಮುಂದುವರಿದಿದೆ. ಹತ್ತರ ಅನುಭವದಿಂದ ನಾವು ಕಲಿಯದಿದ್ದರೆ ಇಪ್ಪತ್ತರ ಗತಿಯೂ ಅದೇ ಆದೀತು.

ಉಳಿದುದು ನಮ್ಮ ಕೈಯಲ್ಲಿದೆ. ಎಲ್ಲರೂ ಒಟ್ಟಿಗೆ ಬದಲಾಗಬೇಕಾದ ಕಡೆ ಒಬ್ಬೊಬ್ಬರಾಗಿ ಬದಲಾಗುವುದು ಕಷ್ಟ. ಒಂದು ದಿನವನ್ನು ಗೊತ್ತುಮಾಡಿಕೊಂಡರೆ ಅದು ಸುಲಭ. ಸ್ವೀಡನ್ ದೇಶದವರು ಮೊದಲು ನಮ್ಮಂತೆ ರಸ್ತೆಯ ಎಡಗಡೆ ವಾಹನ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗ್ಗೆ ಐದು ಗಂಟೆಗೆ ಇಡೀ ದೇಶ ಬಲಗಡೆಗೆ ಸರಿಯಿತು. ಒಬ್ಬನೇ ಸರಿದಿದ್ದರೆ ಅಪಘಾತ. ಎಲ್ಲರೂ ಸರಿದುದರಿಂದ ಸುಗಮ. ಒಂದು ಸಂತೆಯ ದಿನ ಊರಿನ ವರ್ತಕರು, ಬಸ್ಸಿನವರು, ಹಾಲಿನವರು, ಬ್ಯಾಂಕಿನವರು ಸೇರಿ ‘ಇಲ್ಲಿ ಹತ್ತರ ನಾಣ್ಯ ತೆಗೆದುಕೊಳ್ಳುತ್ತೇವೆ, ಚಿಲ್ಲರೆಗೆ ಕೊಡುತ್ತೇವೆ’ ಎಂದು ಹಲಗೆ ಬರೆದು ತೂಗುಹಾಕಿದರೆ ಅಂಗಡಿಯವನ ಪ್ರಶ್ನೆಗೆ ಅಲ್ಲಿಯೇ ಉತ್ತರ ದೊರೆಯುತ್ತದೆ. ತೆಗೆದುಕೊಳ್ಳುತ್ತೇವೆ ಎಂಬುದಷ್ಟೇ ಸಾಲದು, ಕೊಡುತ್ತೇವೆ ಎಂಬುದೂ ಇರಬೇಕು. ಚಕ್ರ ತಿರುಗುವುದು ಎರಡರಿಂದಲೂ.

ವಿದ್ಯಾರ್ಥಿಗಳಿಗೆ ನಾನು ಸೂಚಿಸುವುದು ಒಂದು ಸಮೀಕ್ಷೆಯನ್ನು. ತರಗತಿಯ ಮೂವತ್ತು ಜನ ತಲಾ ಒಂದು ಹತ್ತರ ನಾಣ್ಯವನ್ನು, ಒಬ್ಬೊಬ್ಬರು ಒಂದೊಂದು ಅಂಗಡಿಯಲ್ಲಿ, ವಿನಯದಿಂದ ಕೊಟ್ಟು ನೋಡಿರಿ. ಎಷ್ಟು ಕಡೆ ತೆಗೆದುಕೊಂಡರು, ಎಷ್ಟು ಕಡೆ ಇಲ್ಲ, ಕೊಟ್ಟ ಕಾರಣವೇನು ಎಂಬುದನ್ನು ಬರೆದುಕೊಳ್ಳಿರಿ. ಮೇಲೆ ಹೇಳಿದ ಸೂತ್ರದಿಂದ ನಿಮ್ಮ ಊರಿನಲ್ಲಿ ಆ ನಾಣ್ಯದ ಆಯುಸ್ಸು ಎಷ್ಟು ಕೈಗಳೆಂದು ಅಂದಾಜು ಮಾಡಿರಿ. ತಿಂಗಳ ಬಳಿಕ ಮತ್ತೆ ಪರೀಕ್ಷಿಸಿರಿ. ಸಂಗ್ರಹದ ಆಸೆಯಿದ್ದವರು ನಾಣ್ಯವನ್ನು ಕೂಡಿಡುವ ಬದಲು ಅದರ ವಿವರವನ್ನು ಕೂಡಿಡಿರಿ. ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಯಾವ ಗುರುತೂ ಇಲ್ಲದಿದ್ದರೆ ಕಲ್ಕತ್ತೆಯ ಟಂಕಸಾಲೆ ಎಂದು ತಿಳಿಯಬೇಕು. ಒಂದು ಟಿಪ್ಪಣಿ ಪುಸ್ತಕ ತುಂಬುವಷ್ಟರಲ್ಲಿ, ದೇಶದ ನಾಣ್ಯಗಳು ಯಾವ ದಿಕ್ಕಿನಿಂದ ನಿಮ್ಮ ಊರಿಗೆ ಹರಿದುಬರುತ್ತವೆ ಎಂಬುದು ನಿಮಗೆ ಗೋಚರಿಸುತ್ತದೆ. ಇದು ನಿಜವಾದ ನಾಣ್ಯಶಾಸ್ತ್ರದ ಮೊದಲ ಪಾಠ.

ಕೊನೆಗೆ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮುದುಕಿಯಿಂದ ಪಡೆದ ಮೂರು ನಾಣ್ಯಗಳನ್ನು ನಾನು ಮನೆಗೆ ತಂದು ಮೇಜಿನ ಖಾನೆಯಲ್ಲಿ ಹಾಕಿದೆನು. ಅವು ಇಷ್ಟು ದಿನವೂ ಅಲ್ಲಿಯೇ ಇದ್ದವು. ಅಂಗಡಿಯವನನ್ನು ಮನಸ್ಸಿನಲ್ಲಿ ಆಕ್ಷೇಪಿಸಿದ ನಾನು ಮಾಡಿದುದೂ ಅವನು ಮಾಡಿದುದೇ: ನಾಣ್ಯವನ್ನು ತಡೆದೆನು. ಲೆಕ್ಕದಲ್ಲಿ ‘ತಡೆಯುವವರ ಪಾಲು’ ಎಂದು ಬರೆಯುವಾಗ ಆ ಪಾಲಿನಲ್ಲಿ ನಾನೂ ಒಬ್ಬನೆಂಬುದು ಹೊಳೆಯಿತು. ಈ ಲೇಖನವನ್ನು ಅಂಚೆಗೆ ಹಾಕಲು ಹೋಗುವಾಗ ಆ ಮೂರನ್ನೂ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಒಬ್ಬನು ಬೇಡವೆಂದರೆ ಇನ್ನೊಬ್ಬನಲ್ಲಿ ಕೇಳುತ್ತೇನೆ. ಯಾರಾದರೂ ನನಗೆ ಚಿಲ್ಲರೆಯಾಗಿ ಹತ್ತರ ಬಿಲ್ಲೆಯನ್ನು ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ನನ್ನ ಕೈಯಿಂದ ಯಾರು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ ಆ ಅಂಗಡಿಯವನಿಗೆ ನಾವೆಲ್ಲರೂ ಕೊಡಬೇಕಾದ ಉತ್ತರ ಒಂದೇ: ನಾನು ತೆಗೆದುಕೊಳ್ಳುತ್ತೇನೆ.